ಹತ್ತು ಕೇಳಿದರೆ ನಲವತ್ತು

ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಪುಟ್ಟ ಸಿಎನ್‌ಸಿ ಯಂತ್ರ ಜೋಡಿಸಿ ಮುಗಿಸಿದ ರಾತ್ರಿ, ಎಡಬಲಕ್ಕೆ ಓಡುವ ಎಕ್ಸ್ ಅಕ್ಷಕ್ಕೆ 10 ಮಿ.ಮೀ. ಮುಂದೆ ಹೋಗು ಎಂದೆ. ಅದು ಸರ್ರನೆ 40 ಮಿ.ಮೀ. ಹೋಗಿ ನಿಂತಿತು. ಮೋಟಾರು ಮಾಡಿದ್ದು ಸರಿಯೇ, ಲೆಕ್ಕ ತಪ್ಪಿದವನು ನಾನು.

ಇಂಥ ಯಂತ್ರಗಳ ಸ್ಟೆಪ್ಪರ್ ಮೋಟಾರು ಸಾಮಾನ್ಯವಾಗಿ ಒಂದು ಹೆಜ್ಜೆಗೆ 1.8 ಡಿಗ್ರಿ ತಿರುಗುತ್ತದೆ. ಅಂದರೆ ಸುತ್ತಿಗೆ 200 ಹೆಜ್ಜೆ. ಮೋಟಾರನ್ನು ನಡೆಸುವ ಡ್ರೈವರ್ ಸರ್ಕ್ಯೂಟು ಪ್ರತಿ ಹೆಜ್ಜೆಯನ್ನೂ 8 ಚೂರು ಮಾಡಿದರೆ 1600. ಮೋಟಾರು ಒಂದು ಉದ್ದನೆಯ ಸ್ಕ್ರೂ ತಿರುಗಿಸುತ್ತದೆ, ಅದರ ಮೇಲಿನ ನಟ್ ಅಕ್ಷವನ್ನು ಎಳೆದೊಯ್ಯುತ್ತದೆ. ಇನ್ನು ಒಂದು ಸುತ್ತಿಗೆ ಸ್ಕ್ರೂ ಆ ನಟ್ಟನ್ನು ಎಷ್ಟು ದೂರ ತಳ್ಳುತ್ತದೆ ಎಂದು ಗೊತ್ತಾದರೆ ಸಾಕು. ವರ್ನಿಯರ್ ಹಿಡಿದು ಪಕ್ಕಪಕ್ಕದ ಎರಡು ಥ್ರೆಡ್‌ಗಳ ಅಂತರ ನೋಡಿದೆ: 2 ಮಿ.ಮೀ. ಹಾಗಾಗಿ ಮಿ.ಮೀ.ಗೆ 800 ಹೆಜ್ಜೆ ಎಂದು ಯಂತ್ರದ ಸೆಟ್ಟಿಂಗ್‌ನಲ್ಲಿ ತುಂಬಿಸಿಬಿಟ್ಟೆ.

ಎಡವಿದ್ದು ಅಲ್ಲೇ. ಒಂದು ಕೋಲಿಗೆ ನಾಲ್ಕು ದಾರಗಳನ್ನು ಒತ್ತೊತ್ತಾಗಿ ಜೊತೆಗೇ ಸುತ್ತಿ ನೋಡಿ. ಕೆಂಪು ದಾರ ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ನಾಲ್ಕು ದಾರಗಳ ಅಗಲ ಮುಂದೆ ಹೋಗಿರುತ್ತದೆ. ಅಂಗಡಿಯಲ್ಲಿ ಸಿಗುವ 8 ಮಿ.ಮೀ. ದಪ್ಪದ ಟಿ8 ಸ್ಕ್ರೂಗಳಲ್ಲಿ ಬಹುಪಾಲು ಹೀಗೆ ನಾಲ್ಕು ಎಳೆಯವು. ಸುತ್ತಿಗೆ 8 ಮಿ.ಮೀ., ಆದ್ದರಿಂದ ಸರಿಯಾದ ಸಂಖ್ಯೆ 200. ನಟ್ ಮೇಲೆ ಮಾರ್ಕರ್‌ನಿಂದ ಚುಕ್ಕೆ ಇಟ್ಟು, ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು.

200 ಹಾಕಿದ ಮೇಲೆ 100 ಮಿ.ಮೀ. ಕೇಳಿದೆ, ಬಂದದ್ದು 99.8. ಎಲ್ಲರೂ ಹೇಳಿಕೊಡುವ ಸೂತ್ರದಂತೆ 100ನ್ನು 99.8ರಿಂದ ಭಾಗಿಸಿ, 200ರಿಂದ ಗುಣಿಸಿ 200.4 ಮಾಡಿದೆ. ನೂರಕ್ಕೆ ನೂರು ಬಂತು! ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. 10 ಕೇಳಿದರೆ 9.82, 200 ಕೇಳಿದರೆ 200.2. ಸಂಖ್ಯೆ 200 ಇದ್ದಾಗಲೇ ಬೇರೆ ಬೇರೆ ದೂರಕ್ಕೆ ಅಳೆದಿದ್ದರೆ ಗುಟ್ಟು ಗೊತ್ತಾಗುತ್ತಿತ್ತು: ದೂರ ಎಷ್ಟೇ ಇರಲಿ, ಕೊರತೆ ಅದೇ 0.2. ಹೆಜ್ಜೆಯ ಸಂಖ್ಯೆ ತಪ್ಪಿದ್ದರೆ ದೂರದೊಂದಿಗೆ ತಪ್ಪೂ ಬೆಳೆಯಬೇಕು.

ಇದು ಲೇತ್ ಕೆಲಸದವರು ‘ಪ್ಲೇ’ ಎನ್ನುವ ಸಡಿಲ. ಹಳೇ ಸ್ಕೂಟರಿನ ಆಕ್ಸಿಲರೇಟರ್ ಹಿಡಿಯಂತೆ, ದಿಕ್ಕು ಬದಲಿಸಿದಾಗ ಸ್ಕ್ರೂ ಮೊದಲಿಷ್ಟು ಸುಮ್ಮನೆ ತಿರುಗುತ್ತದೆ. ನಟ್ ಅಲ್ಲಾಡುವುದೇ ಇಲ್ಲ. ನಾನು ಪ್ರತಿ ಸಲ ಎಡಕ್ಕೆ ಸೊನ್ನೆಗೆ ತಂದು, ಬಲಕ್ಕೆ ಓಡಿಸಿ ಅಳೆಯುತ್ತಿದ್ದೆ. ವೃತ್ತ ಕೊರೆದರೆ ಇದು ಕಣ್ಣಿಗೇ ಕಾಣುತ್ತದೆ: ಅಕ್ಷಗಳು ದಿಕ್ಕು ಬದಲಿಸುವ ನಾಲ್ಕು ಜಾಗಗಳಲ್ಲಿ ಅಂಚು ಚಪ್ಪಟೆ. ಸಂಖ್ಯೆಯನ್ನು 200ಕ್ಕೇ ಮರಳಿಸಿ, ಸ್ಪ್ರಿಂಗ್ ಇರುವ ಜೋಡಿ ನಟ್ ಹಾಕಿದೆ. ಸ್ಪ್ರಿಂಗ್ ಒಂದು ನಟ್ಟನ್ನು ಥ್ರೆಡ್‌ನ ಈ ಮುಖಕ್ಕೆ, ಇನ್ನೊಂದನ್ನು ಆ ಮುಖಕ್ಕೆ ಒತ್ತಿ ಹಿಡಿಯುತ್ತದೆ.

ಅಂದಹಾಗೆ, ಬಿಸಿಲಿಗೆ ಉಕ್ಕು ಹಿಗ್ಗುವ ಚಿಂತೆ ಬೇಡ. 300 ಮಿ.ಮೀ. ಸ್ಕ್ರೂ 10 ಡಿಗ್ರಿ ಬಿಸಿಯಾದರೆ ಸುಮಾರು 0.035 ಮಿ.ಮೀ. ಹಿಗ್ಗೀತು. ಮರಗೆಲಸದಲ್ಲಿ ಅದನ್ನು ಯಾರು ಕೇಳುತ್ತಾರೆ?

ತಪ್ಪು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರುತ್ತಿದ್ದರೆ ಯಾವ ಸೂತ್ರವೂ ಕೆಲಸಕ್ಕೆ ಬಾರದು. ಹೆಜ್ಜೆ ತಪ್ಪಿದ್ದು ಈ ಮೋಟಾರಿಗೆ ತಿಳಿಯುವುದಿಲ್ಲ. ಅದು ಎಣಿಸಿದಷ್ಟೇ ನಿಜ ಎಂದು ಯಂತ್ರ ನಂಬುತ್ತದೆ. ಮೋಟಾರು ತಿರುಗಿಯೂ ಸ್ಕ್ರೂ ಜಾರಿದರೆ ಗೊತ್ತಾಗಲೆಂದು, ಮೋಟಾರಿನ ಶಾಫ್ಟ್‌ನಿಂದ ಅದನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗ್‌ವರೆಗೆ ಒಂದು ಬಿಳಿ ಗೆರೆ ಎಳೆದಿದ್ದೇನೆ. ಹೋದ ವಾರ ಆ ಗೆರೆ ಮುರಿದು ಎರಡು ತುಂಡಾಗಿ ಕಂಡಿತು. ಕಪ್ಲಿಂಗನ್ನು ಶಾಫ್ಟ್‌ಗೆ ಬಿಗಿಹಿಡಿಯುವ ಪುಟ್ಟ ಗ್ರಬ್ ಸ್ಕ್ರೂ ಸಡಿಲಾಗಿತ್ತು.