ನಡುವೆ ಇದ್ದವರೇ ಕೆಟ್ಟರು

ಮುಂಬೈಯ ಫ್ಲಾಟಿನಲ್ಲಿ ಕುಂಡದೊಳಗೆ ಕರಿಬೇವು ಬೆಳೆಸುವ ಕನ್ನಡಿಗರದ್ದು ಒಂದೇ ತಕರಾರು: ಎಲೆ ಒಗ್ಗರಣೆಗೆ ಬರುವ ಮೊದಲೇ ಹುಳ ಬೋಳಿಸಿಬಿಡುತ್ತದೆ. ಹುಳ ಚಿಕ್ಕದಿದ್ದಾಗ ಥೇಟ್ ಹಕ್ಕಿಯ ಹಿಕ್ಕೆ, ಬಲಿತ ಮೇಲೆ ಎಲೆಯಷ್ಟೇ ಹಸಿರು. ಔಷಧಿ ಹೊಡೆಯುವ ಮೊದಲು ಸ್ವಲ್ಪ ತಡೆಯಿರಿ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಹುಳ ಇದ್ದರೂ ಇರಬಹುದು. ಹಾಗಿದ್ದರೆ ನಿಮ್ಮ ಕಿಟಕಿಯ ಗ್ರಿಲ್‌ನೊಳಗೇ ಒಂದು ವಿಚಿತ್ರ ಜೀವಿ ಬೆಳೆಯುತ್ತಿದೆ.

ಈ ಜಾತಿಯ ಗಂಡುಗಳೆಲ್ಲ ಒಂದೇ ಥರ. ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಸಾಲು. ಹೆಣ್ಣುಗಳಲ್ಲಿ ಮಾತ್ರ ಮೂರು ಬಗೆ. ಒಂದು ಬಗೆ ಗಂಡಿನಂತೆಯೇ. ಇನ್ನೊಂದು ಕಾಮನ್ ರೋಸ್ ಚಿಟ್ಟೆಯ ನಕಲು, ಮತ್ತೊಂದು ಕ್ರಿಮ್ಸನ್ ರೋಸ್‌ನ ನಕಲು. ಈ ರೋಸ್ ಚಿಟ್ಟೆಗಳು ಹುಳವಾಗಿದ್ದಾಗ ಈಶ್ವರಿ ಬಳ್ಳಿ ತಿಂದು ಅದರ ವಿಷವನ್ನು ಮೈಯಲ್ಲಿ ತುಂಬಿಕೊಂಡಿರುತ್ತವೆ. ಒಮ್ಮೆ ಕಚ್ಚಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಮಾರ್ಮನ್‌ಗೆ ಆ ವಿಷ ಇಲ್ಲ, ಬರೀ ವೇಷ. ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯಬೇಕಾದರೆ ಹೊಟ್ಟೆ ನೋಡಿ. ರೋಸ್‌ಗಳ ಮೈ ಕೆಂಪು, ಮಾರ್ಮನ್‌ನ ಮೈ ಕಪ್ಪು. ರೆಕ್ಕೆಗೆ ಅಷ್ಟೊಂದು ಬಣ್ಣ ಬಳಿದುಕೊಂಡು ಹೊಟ್ಟೆಯನ್ನು ಹಾಗೇ ಬಿಟ್ಟಿದೆ!

ಈಗ ಎರಡು ರೋಸ್‌ಗಳ ನಡುವಿನ ಬಣ್ಣದ ಮಾರ್ಮನ್ ಹೆಣ್ಣೊಂದು ಹುಟ್ಟಿತು ಅಂದುಕೊಳ್ಳಿ. ಅರ್ಧ ಸ್ತ್ರೀವೇಷ, ಅರ್ಧ ರಾಕ್ಷಸವೇಷ ಹಾಕಿಕೊಂಡು ರಂಗಕ್ಕೆ ಬಂದ ಯಕ್ಷಗಾನ ಕಲಾವಿದನ ಗತಿಯೇ ಅದಕ್ಕೂ. ಹಕ್ಕಿಗೆ ಅದು ಯಾವ ರೋಸ್‌ನಂತೆಯೂ ಕಾಣುವುದಿಲ್ಲ. ತಿಂದು ಮುಗಿಸುತ್ತದೆ.

ಸಾಮಾನ್ಯವಾಗಿ ನಿಸರ್ಗದ ಆಯ್ಕೆ ಸರಾಸರಿಯ ಪರವಾಗಿಯೇ ಇರುತ್ತದೆ. 1898ರಲ್ಲಿ ಅಮೆರಿಕದಲ್ಲಿ ಬಿರುಗಾಳಿಗೆ ಸಿಕ್ಕಿ ಬಿದ್ದಿದ್ದ 136 ಗುಬ್ಬಿಗಳನ್ನು ಜೀವವಿಜ್ಞಾನಿ ಹರ್ಮನ್ ಬಂಪಸ್ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡ. 72 ಬದುಕಿದವು. ಎಲ್ಲವನ್ನೂ ಅಳೆದು ನೋಡಿ, ತೀರಾ ದೊಡ್ಡವೂ ತೀರಾ ಚಿಕ್ಕವೂ ಜಾಸ್ತಿ ಸತ್ತಿವೆ ಎಂದ. ಆದರೆ ಬದುಕಲು ಎರಡು ಒಳ್ಳೆಯ ದಾರಿಗಳಿದ್ದು ಮಧ್ಯದಲ್ಲಿ ದಾರಿಯೇ ಇಲ್ಲದಿದ್ದರೆ ಲೆಕ್ಕ ತಿರುಗಿಬೀಳುತ್ತದೆ. ಎರಡು ತುದಿಗಳು ಉಳಿಯುತ್ತವೆ, ನಡುವಿನದು ಅಳಿಯುತ್ತದೆ. ವಿಜ್ಞಾನಿಗಳು ಇದನ್ನು ಡಿಸ್ರಪ್ಟಿವ್ ಸೆಲೆಕ್ಷನ್ ಎನ್ನುತ್ತಾರೆ.

ಹಾಗಾದರೆ ಬೇರೆ ಬೇರೆ ಬಗೆಯ ಮಾರ್ಮನ್‌ಗಳು ಕೂಡಿದಾಗ ಅರೆಬರೆ ಮರಿಗಳು ಹುಟ್ಟಬೇಕಲ್ವಾ? ಕಾಡಿನಲ್ಲಿ ಅಂಥವು ಕಾಣುವುದೇ ಅಪರೂಪ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ಇದರ ಗುಟ್ಟು ಹೊರಗೆಡವಿದರು. ಇಡೀ ವೇಷ ನಿಂತಿರುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನಿನ ಮೇಲೆ. ಕೀಟಗಳಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ರೂಪಿಸುವ ಜೀನೂ ಅದೇ. ಕಾಮನ್ ರೋಸ್ ವೇಷದ ಚಿಟ್ಟೆಯಲ್ಲಿ ಈ ಜೀನ್ ಇರುವ ಡಿಎನ್ಎ ತುಣುಕು ತಲೆಕೆಳಗಾಗಿ ಕೂತಿದೆ. ಹಾಗಾಗಿ ಗಂಡಿನಂಥ ರೂಪದ ತುಣುಕಿನ ಜೊತೆ ಅದು ಬೆರೆಯುವುದಿಲ್ಲ. ಮರಿಗೆ ವೇಷ ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಇಲ್ಲ.

ಆಫ್ರಿಕಾದ ಕ್ಯಾಮರೂನ್‌ನಲ್ಲಿ ಸೀಡ್‌ಕ್ರ್ಯಾಕರ್ ಎಂಬ ಹಕ್ಕಿಯ ಕಥೆಯೂ ಹೀಗೇ. ಕೆಲವಕ್ಕೆ ದೊಡ್ಡ ಕೊಕ್ಕು, ಕೆಲವಕ್ಕೆ ಚಿಕ್ಕದು. ತಿನ್ನುವುದು ಜೇಕು ಹುಲ್ಲಿನ ಬೀಜ. ಅದರಲ್ಲಿ ಒಂದು ಜಾತಿಯ ಬೀಜ ಕಲ್ಲಿನಷ್ಟು ಗಟ್ಟಿ, ಇನ್ನೊಂದು ಮೆದು. ದೊಡ್ಡ ಕೊಕ್ಕು ಗಟ್ಟಿ ಬೀಜವನ್ನು ಸಲೀಸಾಗಿ ಒಡೆಯುತ್ತದೆ, ಚಿಕ್ಕದು ಮೆದು ಬೀಜವನ್ನು ಬೇಗ ಬೇಗ ಬಿಡಿಸುತ್ತದೆ. ಮಧ್ಯಮ ಗಾತ್ರದ ಕೊಕ್ಕಿನ ಮರಿಗಳು ಬದುಕುಳಿಯುವುದು ಕಡಿಮೆ ಎಂದು ಥಾಮಸ್ ಸ್ಮಿತ್ 1993ರಲ್ಲಿ ತೋರಿಸಿದರು. ಇಲ್ಲೂ ಗಾತ್ರ ನಿರ್ಧರಿಸುವುದು ಮುಖ್ಯವಾಗಿ ಒಂದೇ ಜೀನ್.

ಆದರೆ ಇಂಥ ಒಂದು ಜೀನ್ ಇರಲೇಬೇಕು ಅಂತೇನಿಲ್ಲ. ಕೋಹೋ ಸಾಲ್ಮನ್ ಮೀನಿನ ಗಂಡುಗಳಲ್ಲಿ ದೊಡ್ಡವು ಕಾದಾಡಿ ಹೆಣ್ಣಿನ ಬಳಿ ಜಾಗ ಹಿಡಿಯುತ್ತವೆ. ಚಿಕ್ಕವು ಕಲ್ಲಿನ ಸಂದಿಯಲ್ಲಿ ಅಡಗಿದ್ದು, ಮೊಟ್ಟೆಯಿಡುವ ಹೊತ್ತಿಗೆ ಸರಕ್ಕನೆ ನುಗ್ಗುತ್ತವೆ. ಮಧ್ಯಮ ಗಾತ್ರದವಕ್ಕೆ ಕಾದಾಡಲು ಮೈ ಸಾಲದು, ಅಡಗಲು ಮೈ ಜಾಸ್ತಿ. ಯಾವ ಗಂಡು ಯಾವ ದಾರಿ ಹಿಡಿಯುತ್ತದೆ ಎನ್ನುವುದು ಮರಿಯಾಗಿದ್ದಾಗ ಅದು ಎಷ್ಟು ಬೇಗ ಬೆಳೆಯಿತು ಎಂಬುದರ ಮೇಲೆ ನಿಂತಿದೆ. ತಮಾಷೆ ಏನು ಗೊತ್ತಾ? ಬೇಗ ಬೆಳೆದ ಮರಿಗಳೇ ಕುಳ್ಳ ಗಂಡುಗಳಾಗುತ್ತವೆ. ಅವು ಎರಡನೇ ವರ್ಷಕ್ಕೇ ಸಮುದ್ರದಿಂದ ಹೊಳೆಗೆ ವಾಪಸ್ಸಾಗುತ್ತವೆ. ನಿಧಾನವಾಗಿ ಬೆಳೆದವು ಇನ್ನೊಂದು ವರ್ಷ ಸಮುದ್ರದಲ್ಲೇ ಮೇಯ್ದು, ದೊಡ್ಡದಾಗಿ ಬರುತ್ತವೆ.