ಅವನಿಗೆ ದೇವರ ಮೇಲೆ ಸಿಟ್ಟಿಲ್ಲ

ಧಾರವಾಡದ ಸಪ್ತಾಪುರದಲ್ಲಿ ನನ್ನ ಸಮಾಲೋಚನೆಯ ಕೋಣೆ ಇದೆ. ಸುತ್ತಮುತ್ತ ಕೋಚಿಂಗ್ ಕ್ಲಾಸು, ಪಿಜಿ, ಖಾನಾವಳಿ. ಹಾಗಾಗಿ ನನ್ನಲ್ಲಿಗೆ ಬರುವವರಲ್ಲಿ ಪರೀಕ್ಷೆಗೆ ಓದುವ ಮಕ್ಕಳೇ ಜಾಸ್ತಿ. ಅವರ ಹಿಂದೆಯೇ ಅಪ್ಪ, ಅವ್ವ ಬರುತ್ತಾರೆ. ಕೆಲವರು ಕುರ್ಚಿಯ ತುದಿಯಲ್ಲಿ ಕೂತು, ದನಿ ತಗ್ಗಿಸಿ ಕೇಳುತ್ತಾರೆ: "ಮೇಡಮ್ಮಾರ, ನಮ್ಮ ಹುಡುಗ ದೇವರಿಗೆ ಕೈ ಮುಗಿಯೂದ ಬಿಟ್ಟಾನ್ರೀ. ಅವಗ ಏನಾಗೇತಿ?"

ಏನೂ ಆಗಿಲ್ಲ ಎಂದು ಹೇಳುತ್ತೇನೆ. ತಲೆ ಆಡಿಸುತ್ತಾರೆ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಮತ್ತೆ ಕೇಳುತ್ತಾರೆ: "ಯಾವಾಗ ಮೊದಲಿನಂಗ ಆಗ್ತಾನ್ರೀ?"

ಈ 'ಯಾವಾಗ' ಅವರ ಮನಸ್ಸಿಗೆ ಬಂದದ್ದು ಬಹುಪಾಲು ಸಿನಿಮಾ, ಧಾರಾವಾಹಿಗಳಿಂದ ಅಂತ ನನ್ನ ಅನಿಸಿಕೆ. ದೇವರನ್ನು ನಂಬದವನು ಅಲ್ಲಿ ಹೆಚ್ಚಾಗಿ ಎರಡು ಥರ ಬರುತ್ತಾನೆ. ಒಬ್ಬ ಮೂರ್ತಿಗೆ ಒದೆಯುವ ದುಷ್ಟ, ಕೊನೆಗೆ ಅವನಿಗೆ ಶಿಕ್ಷೆಯಾಗುತ್ತದೆ. ಇನ್ನೊಬ್ಬ ಒಳ್ಳೆಯವನೇ, ಆದರೆ ಅವನ ತಾಯಿಯೋ ಹೆಂಡತಿಯೋ ಸತ್ತಿರುತ್ತಾರೆ. ಆ ನೋವಿಗೆ ಗುಡಿ ಬಿಟ್ಟವನು ಕೊನೆಯ ದೃಶ್ಯದಲ್ಲಿ ಮಳೆಯಲ್ಲಿ ನೆನೆಯುತ್ತ ಬಂದು ಗಂಟೆ ಬಾರಿಸುತ್ತಾನೆ. ಪ್ರೇಕ್ಷಕರು ಕಣ್ಣೊರೆಸಿಕೊಳ್ಳುತ್ತಾರೆ. ಮನೆಯವರು ಮಗನಲ್ಲಿ ಆ ಎರಡನೆಯವನನ್ನು ಹುಡುಕುತ್ತಾರೆ. ಎಲ್ಲಿ ಗಾಯ ಆಯಿತು, ಯಾವ ಹುಡುಗಿ ಕೈ ಕೊಟ್ಟಳು, ಯಾವ ಪರೀಕ್ಷೆ ಹೋಯಿತು? ಏನೂ ಸಿಗದಿದ್ದರೆ ಗೆಳೆಯರ ಮೇಲೆ ತಪ್ಪು ಹಾಕುತ್ತಾರೆ. ಆಮೇಲೆ ಕೊನೆಯ ದೃಶ್ಯಕ್ಕೆ ಕಾಯುತ್ತಾರೆ. ವರ್ಷಗಟ್ಟಲೆ ಕಾಯುತ್ತಾರೆ. ಆ ಹುಡುಗನಿಗೆ ತನ್ನ ಮನೆಯಲ್ಲೇ ತಾನು ಗುಣವಾಗದ ರೋಗಿ ಅನ್ನಿಸತೊಡಗುತ್ತದೆ.

ನಾನು ಮತ್ತೆ ಮತ್ತೆ ಹೇಳುವ ಮಾತು ಇದು: ನಂಬದಿರುವುದು ಸಿಟ್ಟಲ್ಲ. ಸಿಟ್ಟು ಬರಬೇಕಾದರೆ ಎದುರಿಗೆ ಒಬ್ಬರು ಇರಬೇಕು. ನಮ್ಮಜ್ಜಿ ಮಳೆ ಕೈಕೊಟ್ಟ ವರ್ಷ ಯಲ್ಲಮ್ಮನಿಗೆ ಬಾಯಿತುಂಬ ಬೈಯುತ್ತಿದ್ದಳು. "ಕಣ್ಣು ಕಾಣವಲ್ವೇನ ನಿನಗ?" ಎನ್ನುತ್ತಿದ್ದಳು. ಅವಳಷ್ಟು ಗಟ್ಟಿ ಭಕ್ತೆಯನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ. ನಂಬದವನು ಹೀಗೆ ಬೈಯುವುದಿಲ್ಲ. ಬೈಯಲು ಅವನಿಗೆ ಅಲ್ಲಿ ಯಾರೂ ಕಾಣುವುದಿಲ್ಲ.

ಇಷ್ಟಕ್ಕೂ ತಿಳಿಯದಿದ್ದರೆ ತಾಯಂದಿರಿಗೆ ಒಂದು ಪ್ರಶ್ನೆ ಹಾಕುತ್ತೇನೆ. ಅವ್ವಾರ, ನೀವು ನಿಮ್ಮ ಮನೆದೇವರಿಗೆ ನಡೆದುಕೊಳ್ಳುತ್ತೀರಿ. ಮೂರು ಊರಾಚೆಯ ದೇವತೆಗೆ ನಡೆದುಕೊಳ್ಳುವುದಿಲ್ಲ. ಆಕೆಯ ಮೇಲೆ ಸಿಟ್ಟೇನು? "ಅಯ್ಯ, ಇಲ್ಲರೀ. ಆಕಿ ನಮಗ ಹತ್ತಿದಾಕಿ ಅಲ್ಲ, ಅಷ್ಟ." ನಿಮ್ಮ ಮಗನಿಗೆ ಯಾರೂ ಹತ್ತಿಲ್ಲ, ಅಷ್ಟೇ ಎನ್ನುತ್ತೇನೆ. ಹೋಲಿಕೆ ಪೂರ್ತಿ ಸರಿಯಲ್ಲ, ನನಗೂ ಗೊತ್ತು. ಆದರೆ ಇಲ್ಲಿಗೆ ಬಂದಾಗ ಅವರ ಮುಖ ಸ್ವಲ್ಪ ಸಡಿಲವಾಗುತ್ತದೆ.

ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಪೂಜೆಯ ಜೊತೆಗೆ ಊಟ, ನಿದ್ದೆ, ಸ್ನಾನ, ಓದು, ಗೆಳೆಯರು ಎಲ್ಲವೂ ಬಿಟ್ಟುಹೋಗಿ ಎರಡು ವಾರ ದಾಟಿದರೆ ಅದು ಬೇರೆ ಮಾತು. ಅದು ಖಿನ್ನತೆ ಇರಬಹುದು. ಆಗ ಮನೋವೈದ್ಯರನ್ನು ನೋಡಿ. ನಮ್ಮೂರಲ್ಲೇ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಹಾಗೆಯೇ, ಎಂದೂ ಇಲ್ಲದವನು ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟು ರಾತ್ರಿಯಿಡೀ ಪೂಜೆಗೆ ಕೂತರೂ, ದೇವರು ನನ್ನ ಜೊತೆ ಮಾತಾಡುತ್ತಾನೆ ಎಂದರೂ ಕರೆದುಕೊಂಡು ಬನ್ನಿ. ನಾವು ನೋಡುವುದು ಮನುಷ್ಯ ಬದಲಾದ ರೀತಿಯನ್ನು. ಅವನ ನಂಬಿಕೆಯನ್ನಲ್ಲ. ಹೊತ್ತಿಗೆ ಸರಿಯಾಗಿ ಉಂಡು, ಓದಿ, ತಂಗಿಗೆ ಸೈಕಲ್ ಕಲಿಸುವ ಹುಡುಗನನ್ನು 'ದೇವರಿಗೆ ಕೈ ಮುಗಿಯಂಗಿಲ್ಲ' ಅಂತ ನನ್ನ ಮುಂದೆ ತಂದು ಕೂರಿಸಿದರೆ ನನಗೆ ಸಂಕಟವಾಗುತ್ತದೆ.

"ನಮ್ಮ ಕಡೆ ಇಂಥಾದ್ದು ಇದ್ದಿಲ್ಲರೀ" ಎಂದರು ಗದಗ ಕಡೆಯ ಒಬ್ಬ ತಂದೆ. ಅವರ ಊರಿಂದ ಲಕ್ಕುಂಡಿ ದೂರವಿಲ್ಲ. ಅಲ್ಲಿಯ ಬ್ರಹ್ಮ ಜಿನಾಲಯ ಅತ್ತಿಮಬ್ಬೆ ಕಟ್ಟಿಸಿದ್ದು, ಸಾವಿರ ವರ್ಷದ ಹಳೆಯದು. ಜಗತ್ತನ್ನು ಒಬ್ಬ ದೇವರು ಸೃಷ್ಟಿ ಮಾಡಿದ ಎಂಬುದನ್ನು ಜೈನರು ಒಪ್ಪುವುದಿಲ್ಲ. ವೇದವನ್ನು ಒಪ್ಪದವರು ಎಂಬ ಹಳೆಯ ಅರ್ಥದಲ್ಲಿ ಅವರನ್ನೂ ನಾಸ್ತಿಕರೆಂದೇ ಕರೆದದ್ದುಂಟು. ಜೈನರಿಗೆ ತಮ್ಮದೇ ಪೂಜೆ, ವ್ರತಗಳಿವೆ, ಇಂದಿನ ಅರ್ಥದ ನಾಸ್ತಿಕರು ಅವರಲ್ಲ. ಆದರೂ ಸೃಷ್ಟಿಕರ್ತ ಇಲ್ಲ ಎನ್ನುವವರ ಬಸದಿ ಮತ್ತು ಶಿವನ ಗುಡಿ ಒಂದೇ ಊರಲ್ಲಿ ಇವೆ. ಆ ತಂದೆ ಎಷ್ಟೋ ಸಲ ಲಕ್ಕುಂಡಿಗೆ ಹೋಗಿದ್ದರು. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ತಂದೆ ತಾಯಿಯ ಸಿಟ್ಟಿನ ಕೆಳಗೆ ಎಷ್ಟೋ ಸಲ ಇರುವುದು ಹೆದರಿಕೆ. ಸಂಶೋಧಕ ಎಂ.ಎಂ. ಕಲಬುರ್ಗಿಯವರು ನಾಸ್ತಿಕರಲ್ಲ, ವಚನಗಳನ್ನೇ ಜೀವನಪೂರ್ತಿ ಓದಿದವರು. ಆದರೂ 2015ರ ಆಗಸ್ಟ್ 30ರಂದು ಇದೇ ಧಾರವಾಡದ ಕಲ್ಯಾಣನಗರದಲ್ಲಿ ಮನೆ ಬಾಗಿಲಲ್ಲೇ ಅವರನ್ನು ಕೊಂದರು. "ಮನ್ಯಾಗ ಏನರ ಅನ್ನಲಿ, ಹೊರಗ ಅನಬ್ಯಾಡ ಅಂತ ಹೇಳ್ರಿ" ಎಂದು ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡಿದ್ದರು. ಅವರಿಗೆ ಧೈರ್ಯ ಹೇಳುವುದು ನನಗೆ ಸುಲಭವಾಗಲಿಲ್ಲ.

ಇನ್ನು ನಂಬದವರ ಕಡೆ ಬರುತ್ತೇನೆ. ಅವರೂ ಅದೇ ಸಿನಿಮಾ ನೋಡಿ ಬೆಳೆದವರು. ನಾಸ್ತಿಕ ಅಂದರೆ ಎದುರಾಡಬೇಕು, ಪ್ರಸಾದ ದೂಡಬೇಕು ಅಂದುಕೊಂಡಿರುತ್ತಾರೆ. ಒಬ್ಬರು ಗೌರಿ ಹುಣ್ಣಿಮೆಯ ದಿನ, ಸಕ್ಕರೆ ಆರತಿ ಹಿಡಿದು ಓಣಿಗೆ ಹೊರಟಿದ್ದ ಏಳು ವರ್ಷದ ಮಗಳನ್ನು ಬಾಗಿಲಲ್ಲೇ ತಡೆದು ಮೂಢನಂಬಿಕೆಯ ಪಾಠ ಹೇಳಿದರು. ಮಗು ಸಕ್ಕರೆ ಗೊಂಬೆ ಹಿಡಿದುಕೊಂಡೇ ಅತ್ತಿತು. ಹೆಂಡತಿ ತಿಂಗಳುಗಟ್ಟಲೆ ಮಾತು ಬಿಟ್ಟಳು. ನನಗೆ ಅವರ ಮೇಲೆ ನಿಜಕ್ಕೂ ಸಿಟ್ಟು ಬಂದಿತ್ತು. ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಕೂಡ ಜನರಿಗೆ ಹಾನಿ ಮಾಡುವ ಆಚರಣೆಗಳನ್ನು ತಡೆಯುತ್ತದೆ, ಯಾತ್ರೆ, ಭಜನೆ, ಹಬ್ಬಗಳನ್ನು ಮುಟ್ಟುವುದಿಲ್ಲ. ಕಾಯ್ದೆಗೆ ತಿಳಿದ ವ್ಯತ್ಯಾಸ ಓದಿಕೊಂಡ ತಂದೆಗೆ ತಿಳಿಯಬಾರದೇ? ಈಗ ಅವರ ಮನೆ ಒಂದು ಹದಕ್ಕೆ ಬಂದಿದೆ. ಆರತಿಗೆ ಅವರು ನಿಲ್ಲುವುದಿಲ್ಲ. ಮಗಳನ್ನು ಓಣಿಯ ತುದಿಯವರೆಗೆ ಕಳಿಸಿ ಬರುತ್ತಾರೆ.

ನಿಜವಾದ ನಾಸ್ತಿಕರು, ವಿಚಾರವಾದಿಗಳು ಹೇಗಿದ್ದರು ಎಂದು ಪರದೆಯ ಮೇಲೆ ಯಾಕೆ ತೋರಿಸುವುದಿಲ್ಲವೋ! ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಖಾದಿ, ಗಾಂಧಿ ಟೋಪಿ, ಹಾಸ್ಟೆಲಿನ ಒಂದು ಕೋಣೆ, ಇಷ್ಟರಲ್ಲೇ ಬಾಳಿದರು. ಆಂಧ್ರದ ಗೋರಾ ಅವರದು ನನಗೆ ಇನ್ನೂ ಇಷ್ಟದ ಕಥೆ. ದೇವರಿಲ್ಲ ಎಂದು ಊರೂರಿಗೆ ಹೇಳುತ್ತಿದ್ದ ಅವರು, ರಾಮನಾಮ ಜಪಿಸುವ ಗಾಂಧೀಜಿಗೆ ಆಪ್ತರಾದರು. ಮಗಳಿಗೆ ಅಸ್ಪೃಶ್ಯರೆನಿಸಿಕೊಂಡ ಜಾತಿಯ ಹುಡುಗನ ಜೊತೆ ಮದುವೆ ಗೊತ್ತು ಮಾಡಿದಾಗ, ಸೇವಾಗ್ರಾಮದಲ್ಲಿ ತಾವೇ ನಡೆಸಿಕೊಡುವುದಾಗಿ ಗಾಂಧೀಜಿ ಒಪ್ಪಿದರು. ದೇವರ ಹೆಸರಿನ ಬದಲು ಸತ್ಯದ ಹೆಸರಲ್ಲಿ ಪ್ರಮಾಣ ಮಾಡಿಸಲೂ ಒಪ್ಪಿದರು. 1948ರ ಜನವರಿಯಲ್ಲಿ ಗಾಂಧೀಜಿಯ ಕೊಲೆಯಾಯಿತು. ಮದುವೆ ಆಮೇಲೆ ಸೇವಾಗ್ರಾಮದಲ್ಲೇ ನಡೆಯಿತು. ಇಬ್ಬರೂ ತಮ್ಮ ತಮ್ಮ ಮಾತು ಬಿಡಲಿಲ್ಲ, ಸ್ನೇಹವನ್ನೂ ಬಿಡಲಿಲ್ಲ.

ನಮ್ಮ ಹಳ್ಳಿಗಳಲ್ಲೂ ಇಂಥದ್ದು ನಡೆಯುತ್ತದೆ. ಒಂದು ರೈತ ಕುಟುಂಬದ್ದನ್ನು, ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಅವರದು ಪ್ರತಿ ವರ್ಷ ಚಕ್ಕಡಿ ಕಟ್ಟಿಕೊಂಡು ಉಳವಿ ಜಾತ್ರೆಗೆ ಹೋಗುವ ಮನೆತನ. ಓದಲು ಧಾರವಾಡಕ್ಕೆ ಬಂದ ಮಗ ನಾನು ಬರುವುದಿಲ್ಲ ಎಂದುಬಿಟ್ಟ. ತಂದೆ ಊಟ ಬಿಟ್ಟರು. ಮೂವರೂ ನನ್ನ ಮುಂದೆ ಕೂತರು. ನಾನು ಹುಡುಗನಿಗೆ, ನಿನಗೆ ಬೇಡವಾದದ್ದು ಯಾವುದು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಪೂಜೆಗೆ ನಿಲ್ಲುವುದು, ಕೈ ಮುಗಿದಂತೆ ನಟಿಸುವುದು ಎಂದ. ಚಕ್ಕಡಿ? "ಎತ್ತು ನಾನ ಬೆಳೆಸಿದ್ದರೀ."

ತಾಯಿ ತಟ್ಟನೆ ಕೇಳಿದರು: "ಹಂಗಾರ ಚಕ್ಕಡಿ ಹೊಡಿತೀಯಿಲ್ಲೋ?"

ಹೋದ. ದಾರಿಯಲ್ಲಿ ಎಲ್ಲರ ಜೊತೆ ಬುತ್ತಿ ಬಿಚ್ಚಿ ಕಟಕ ರೊಟ್ಟಿ ಉಂಡ. ತೇರಿನ ದಿನ ಎತ್ತುಗಳ ಬಳಿಯೇ ಉಳಿದ. ನಿನ್ನ ಮಗ ಗುಡಿಗೆ ಬರಲಿಲ್ಲಲ್ಲ ಎಂದು ಸಂಬಂಧಿಕರೊಬ್ಬರು ಕೆದಕಿದಾಗ ತಾಯಿ ಹೇಳಿದರಂತೆ, "ಎತ್ತಿನ ಕಡೆ ಯಾರರ ಇರಬೇಕಲ್ಲವಾ." ತಂದೆ ಏನೂ ಅನ್ನಲಿಲ್ಲ. ಸಂಜೆ ಪ್ರಸಾದ ತಂದು ಮಗನ ಮುಂದೆ ಇಟ್ಟರು. ಅವನು ತಿಂದ.

ಈ ಸಲವೂ ಹೊರಡುವವರಿದ್ದಾರೆ. ಬಲಗಡೆಯ ಎತ್ತಿಗೆ ಲಾಳ ಬಡಿಸಿದಿರೋ ಇಲ್ಲವೋ ಅಂತ ಹುಡುಗ ಎರಡು ಸಲ ಫೋನ್ ಮಾಡಿದ್ದಾನಂತೆ.