ಬರೀ ಮೆಣಸಿನ ಸೈನ್ಯ: ಸ್ಟ್ರಾಟೆಜಿ ಆಟದಲ್ಲಿ ನಿಜ ಎಷ್ಟಿರಬೇಕು, ನ್ಯಾಯ ಎಷ್ಟಿರಬೇಕು

ಗೋಣಿಕೊಪ್ಪದಲ್ಲಿ ಜುಲೈ ಮಳೆ ಹಿಡಿದ ಮೇಲೆ ಕರೆಂಟು ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಮುಗಿದಿತ್ತು. ನಾನು, ಚಿಕ್ಕಪ್ಪನ ಮಗ ಇಬ್ಬರೂ ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಚೌಕ ಎಳೆದು ನಮ್ಮದೇ ಒಂದು ಆಟ ಕಟ್ಟಲು ಕೂತೆವು. ವಿಷಯ 1834ರ ಕೊಡಗಿನ ಯುದ್ಧ, ಈಸ್ಟ್ ಇಂಡಿಯಾ ಕಂಪನಿಗೂ ಕೊಡಗಿನ ರಾಜನಿಗೂ ನಡೆದದ್ದು. ಕಾಫಿಬೀಜ ಅಂದರೆ ಕತ್ತಿ ಹಿಡಿದ ಕಾಲಾಳು, ಕಾಳುಮೆಣಸು ಅಂದರೆ ಕೋವಿಯವನು, ಹುಣಸೆಬೀಜ ಅಂದರೆ ಕುದುರೆ. ಕೋವಿಗೆ ನಿಜಕ್ಕೆ ಹತ್ತಿರ ಇರಲಿ ಅಂತ ಭಾರಿ ಬಲ ಕೊಟ್ಟೆ: ಮೂರು ಚೌಕ ದೂರದಿಂದ ಹೊಡೆಯಬಹುದು, ತಗುಲಿದರೆ ಆಳು ಹೋದ ಹಾಗೇ. ಮೂರು ಸಲ ಆಡಿದೆವು, ಮೂರು ಸಲವೂ ಅವನು ಬರೀ ಮೆಣಸು ಕೊಂಡು ಗೆದ್ದ. ನಾಲ್ಕನೇ ಸಲ ನಾನೂ ಬರೀ ಮೆಣಸೇ ಕೊಂಡೆ. ಕಾಫಿಬೀಜದ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ.

"ಅಣ್ಣ, ಇದು ಯುದ್ಧ ಅಲ್ಲ, ಮೆಣಸಿನ ವ್ಯಾಪಾರ" ಅಂದ.

ಆ ಮಾತಿನಿಂದ ಶುರುವಾದ ಟಿಪ್ಪಣಿ ಇದು. ನನ್ನ ಹಾಗೆ ಆಟ ಕಟ್ಟುವುದನ್ನು ಕಲಿಯುತ್ತಿರುವವರಿಗೆ ಉಪಯೋಗ ಆಗಬಹುದು.

ನಿಜ ಜಾಸ್ತಿ ಮಾಡಿದರೆ ನ್ಯಾಯ ಕೆಡುತ್ತದೆ, ನ್ಯಾಯ ನೋಡಿದರೆ ನಿಜ ಕೆಡುತ್ತದೆ, ಎರಡೂ ತಕ್ಕಡಿಯ ಎರಡು ತಟ್ಟೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಈಗ ನನಗನಿಸುವುದು ಬೇರೆ. ನಾನು ಕೋವಿಯ ಬಲವನ್ನು ತಂದೆ, ಅದರ ಗೋಳನ್ನು ತರಲಿಲ್ಲ. ಆ ಕಾಲದ ಚಕಮಕಿ ಕೋವಿಗೆ ಪ್ರತಿ ಸಲ ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ ಉದ್ದ ಸಲಾಕೆಯಿಂದ ಜಡಿಯಬೇಕು. ಚೆನ್ನಾಗಿ ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಹೊಡೆದರೆ ದೊಡ್ಡ ಮಾತು. ನೂರು ಗಜ ದಾಟಿದ ಮೇಲೆ ಒಬ್ಬನಿಗೆ ಗುರಿ ಇಟ್ಟು ಹೊಡೆಯುವುದು ಅದೃಷ್ಟಕ್ಕೆ ಬಿಟ್ಟದ್ದು. ಮದ್ದು ನೆನೆದರೆ ಕೋವಿ ಬರೀ ದೊಣ್ಣೆ. ಇದೆಲ್ಲ ನನ್ನ ಹಾಳೆಯ ಮೇಲೆ ಎಲ್ಲಿತ್ತು? ಅರ್ಧ ನಿಜ ತಂದಿದ್ದೆ ಅಷ್ಟೇ, ಅದೂ ಆಡುವವನಿಗೆ ಲಾಭ ಕೊಡುವ ಅರ್ಧ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನಿಜವಾದ ಯುದ್ಧದಲ್ಲಿ ಯಾವ ಸೇನಾಪತಿಯೂ ಸಮಬಲದ ಜಗಳ ಬಯಸುವುದಿಲ್ಲ. ಹತ್ತು ಜನರ ಮೇಲೆ ಮೂವತ್ತು ಜನ ಬೀಳುವ ಹಾಗೆ ಮಾಡುವುದೇ ಅವನ ಕೆಲಸ. ಆಟದಲ್ಲೂ ಅದು ಆಗಲಿ, ಆದರೆ ಆ ಅನ್ಯಾಯವನ್ನು ಆಟಗಾರ ಹಾಳೆಯ ಮೇಲೆ ದುಡಿದು ಗಳಿಸಬೇಕು. ಡಬ್ಬಿಯಿಂದ ಕಾಳು ಎತ್ತಿಕೊಳ್ಳುವಾಗಲೇ ಸಿಕ್ಕಿಬಿಟ್ಟರೆ ಆಡುವುದಕ್ಕೆ ಏನೂ ಉಳಿಯುವುದಿಲ್ಲ ಅಲ್ವಾ?

ಬೆಲೆಯಿಂದ ಬಲವನ್ನು ಹೇಗೆ ಹಿಡಿಯುತ್ತಾರೆ ಅಂತ ನೋಡಲು ಏಜ್ ಆಫ್ ಎಂಪೈರ್ಸ್ 2 ತೆಗೆದುಕೊಳ್ಳೋಣ, 1999ರ ಕಂಪ್ಯೂಟರ್ ಆಟ, ಇವತ್ತಿಗೂ ಆಡುತ್ತಾರೆ. ಅದರಲ್ಲಿ ಕುದುರೆ ಸವಾರ ನೈಟ್‌ಗೆ 60 ಆಹಾರ, 75 ಚಿನ್ನ. ಭರ್ಜಿಯವನಿಗೆ 35 ಆಹಾರ, 25 ಮರ. ಯಾವ ಸುಧಾರಣೆಯೂ ಆಗಿಲ್ಲದಾಗ ನೈಟ್‌ಗೆ 100 ಜೀವ, ಹೊಡೆತ 10. ಭರ್ಜಿಯವನಿಗೆ 45 ಜೀವ, ಹೊಡೆತ ಬರೀ 3, ಆದರೆ ಎದುರಿಗೆ ಕುದುರೆ ಇದ್ದರೆ ಇನ್ನೂ 15 ಸೇರುತ್ತದೆ. ನೈಟ್‌ನ ಕವಚ 2 ಕಳೆದರೆ ಪ್ರತಿ ತಿವಿತಕ್ಕೆ 16. ನೈಟ್ ಸುಮಾರು 1.8 ಸೆಕೆಂಡಿಗೆ ಒಮ್ಮೆ ಹೊಡೆಯುತ್ತಾನೆ, ಭರ್ಜಿಯವನು 3 ಸೆಕೆಂಡಿಗೆ ಒಮ್ಮೆ. ಈಗ ಪೆನ್ನು ಹಿಡಿದು ಲೆಕ್ಕ ಹಾಕಿ, ಎಲ್ಲರ ಮೊದಲ ಹೊಡೆತವೂ 0ನೇ ಸೆಕೆಂಡಿಗೆ ಅಂತ ಇಟ್ಟುಕೊಳ್ಳಿ. ಒಬ್ಬನಿಗೆ ಒಬ್ಬ ನಿಂತರೆ ನೈಟ್ ಐದನೇ ಹೊಡೆತಕ್ಕೆ, ಅಂದರೆ 7.2ನೇ ಸೆಕೆಂಡಿಗೆ ಮುಗಿಸುತ್ತಾನೆ. ಅಷ್ಟರಲ್ಲಿ ಭರ್ಜಿ ಮೂರೇ ಸಲ ತಗುಲಿದೆ, 48 ಹೋಯಿತು, ನೈಟ್ ಆರಾಮಾಗಿ ಉಳಿದ. ಎರಡು ಭರ್ಜಿ ಇದ್ದರೆ? 6ನೇ ಸೆಕೆಂಡಿಗೆ ಆರು ತಿವಿತ ಆಗಿ 96 ಹೋಗಿರುತ್ತದೆ. ಒಬ್ಬ ಭರ್ಜಿಯವನು ಸಾಯುತ್ತಾನೆ, 9ನೇ ಸೆಕೆಂಡಿಗೆ ಇನ್ನೊಬ್ಬ ನೈಟ್‌ನನ್ನು ಕೆಡವುತ್ತಾನೆ. ಇಬ್ಬರು ಭರ್ಜಿಯವರಿಗೆ ಒಟ್ಟು ಖರ್ಚು 120, ನೈಟ್‌ಗೆ 135, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಚಿನ್ನ. ಆಹಾರವನ್ನು ಹೊಲ ಮಾಡಿ ಬೆಳೆಯಬಹುದು, ಚಿನ್ನದ ಗಣಿ ಬರಿದಾಗುತ್ತದೆ.

ಇದು ನಿಜವಾ? 1302ರಲ್ಲಿ ಈಗಿನ ಬೆಲ್ಜಿಯಂನ ಕೋರ್ಟ್ರೈ ಅನ್ನುವ ಊರಿನ ಹತ್ತಿರ ಅಲ್ಲಿನ ಫ್ಲೆಮಿಷ್ ಕಾಲಾಳುಗಳು ಫ್ರೆಂಚ್ ನೈಟ್‌ಗಳನ್ನು ಸೋಲಿಸಿದರು. ಅಲ್ಲಿ ಕೆಲಸ ಮಾಡಿದ್ದು ಹಳ್ಳ, ಕೆಸರು, ಒತ್ತಾಗಿ ನಿಂತ ಸಾಲು, ಓಡದೆ ನಿಂತ ಗುಂಡಿಗೆ. ಆಟದಲ್ಲಿ ಅದೆಲ್ಲವನ್ನೂ 15 ಅನ್ನುವ ಒಂದೇ ಅಂಕೆಗೆ ಇಳಿಸಿದ್ದಾರೆ. ಸುಳ್ಳು ಅನ್ನಬಹುದು. ಆದರೆ ಆಟಗಾರನ ತಲೆಯಲ್ಲಿ ಬರುವ ಯೋಚನೆ ನಿಜದ್ದೇ: ಸಾಲಾಗಿ ನಿಂತ ಭರ್ಜಿಯ ಮೇಲೆ ಕುದುರೆ ಬಿಡಬೇಡ, ಸುತ್ತಿ ಹೋಗಿ ಹಿಂದಿನ ಬಿಲ್ಲಾಳುಗಳನ್ನು ಹಿಡಿ. ನನಗೆ ಅಷ್ಟು ನಿಜ ಸಾಕು.

ಈಗ ಈ ಟಿಪ್ಪಣಿಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಫ್ರೆಡೆರಿಕ್ ಲ್ಯಾಂಚೆಸ್ಟರ್ ಅಂತ ಒಬ್ಬ ಇಂಗ್ಲಿಷ್ ಎಂಜಿನಿಯರ್, ಕಾರು ಕಟ್ಟುತ್ತಿದ್ದವನು. ಮೊದಲ ಮಹಾಯುದ್ಧದ ಕಾಲದಲ್ಲಿ ಒಂದು ಲೆಕ್ಕ ಹಾಕಿದ. ಬಯಲಲ್ಲಿ ಎಲ್ಲರೂ ಎಲ್ಲರಿಗೂ ಗುರಿ ಇಟ್ಟು ಹೊಡೆಯಬಹುದು ಅನ್ನಿ. ಆಗ ಸೈನ್ಯದ ಬಲ ತಲೆಯ ಸಂಖ್ಯೆಯ ವರ್ಗದಷ್ಟು. ಒಂದೇ ತರದ ಕೋವಿಯ 10 ಜನ, 7 ಜನ ಎದುರಾದರೆ 100ರಲ್ಲಿ 49 ಕಳೆದು 51, ಅದರ ವರ್ಗಮೂಲ ಸುಮಾರು 7. ಅಂದರೆ ಏಳೂ ಜನ ಸಾಯುತ್ತಾರೆ, ಹತ್ತರಲ್ಲಿ ಮೂವರು ಮಾತ್ರ ಹೋಗುತ್ತಾರೆ. ಬರೀ ಮೆಣಸಿನ ಸೈನ್ಯ ಯಾಕೆ ಗೆಲ್ಲುತ್ತಿತ್ತು ಅಂತ ಇಲ್ಲಿ ಹೊಳೆಯಿತು. ಚಿಕ್ಕಪ್ಪನ ಮಗ ಮೊದಲ ಸುತ್ತಿನಲ್ಲಿ ನನ್ನ ಇಬ್ಬರನ್ನು ಉರುಳಿಸಿದರೆ ಮುಂದಿನ ಸುತ್ತಿನಲ್ಲಿ ನನ್ನ ಕಡೆಯ ಏಟು ಕಡಿಮೆ, ಅದರಿಂದ ಅವನ ನಷ್ಟ ಇನ್ನೂ ಕಡಿಮೆ. ಇಳಿಜಾರಲ್ಲಿ ಉರುಳಿದ ಹಾಗೆ.

ಅದೇ ಜಗಳವನ್ನು ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗುವ ಓಣಿಯಲ್ಲಿ ಇಡಿ. ಮುಂದಿರುವವನಿಗೆ ಮುಂದಿರುವವನು ಮಾತ್ರ, ಒಂದು ಕೋವಿಗೆ ಒಂದೇ ಕೋವಿ. ಆಗ ವರ್ಗ ಇಲ್ಲ, ಬರೀ ಕಳೆಯುವ ಲೆಕ್ಕ: 10ರಲ್ಲಿ 7 ಹೋದರೆ 3. ಬಯಲಲ್ಲಿ ಏಳು ಜನ ಉಳಿದಿದ್ದ ಕಡೆ ಓಣಿಯಲ್ಲಿ ಮೂರೇ ಜನ ಉಳಿಯುತ್ತಾರೆ. ಆಳುಗಳೂ ಅವರೇ, ಆಯುಧವೂ ಅದೇ, ಬದಲಾಗಿದ್ದು ನೆಲ.

ಓಣಿ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಕಡೆ ಎಷ್ಟೋ ತೋಟಗಳ ಒಳಗೆ, ಕಾಡಂಚಿನಲ್ಲಿ ಇವತ್ತಿಗೂ ಕಡಂಗ ಇದೆ. ಆಳವಾದ ಕಂದಕ, ಅದರ ಪಕ್ಕ ಮಣ್ಣಿನ ದಿಬ್ಬ. ಗಡಿ ತೋರಿಸಲಿಕ್ಕೂ ಆಯಿತು, ನುಗ್ಗಿದವರನ್ನು ತಡೆಯಲಿಕ್ಕೂ ಆಯಿತು. ಕೆಲಸಕ್ಕೆ ಬಂದವರು ಮಧ್ಯಾಹ್ನ ಅದರ ದಿಬ್ಬದ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ, ಯಾರಿಗೂ ಯುದ್ಧದ ನೆನಪಿಲ್ಲ. 1834ರ ಏಪ್ರಿಲ್‌ನಲ್ಲಿ ಕಂಪನಿ ಸೈನ್ಯ ಹಲವು ದಿಕ್ಕಿನಿಂದ ಕೊಡಗಿಗೆ ನುಗ್ಗಿತು. ಉತ್ತರದಿಂದ ಬಂದ ತುಕಡಿ ಮರದ ಬೇಲಿಕೋಟೆಯೊಂದರ ಎದುರು ತುಂಬಾ ಜನರನ್ನು ಕಳೆದುಕೊಂಡು ಹಿಂದೆ ಸರಿಯಬೇಕಾಯಿತು. ಕಡೆಗೆ ಮಡಿಕೇರಿ ಬಿತ್ತು, ಚಿಕ್ಕ ವೀರರಾಜೇಂದ್ರ ಪಟ್ಟ ಕಳೆದುಕೊಂಡ, ಅದು ಬೇರೆ ಮಾತು. ಕೋವಿ, ಫಿರಂಗಿ, ಕವಾಯತು ಎಲ್ಲ ಇದ್ದವರೂ ಇಕ್ಕಟ್ಟಿನ ಜಾಗದಲ್ಲಿ ನಿಂತುಬಿಟ್ಟರು ಅನ್ನುವುದು ನನಗೆ ಬೇಕಾದ ಪಾಠ. ಹಾಳೆಯ ಮೇಲೆ ಕೋವಿಯ ಬಲವನ್ನು ನಾನು ಕಡಿಮೆ ಮಾಡಲೇ ಇಲ್ಲ. ಎರಡು ಕಡೆ ಕಡಂಗ ಎಳೆದೆ. ಅದರ ಬಾಯಲ್ಲಿ ಒಂದು ಸರದಿಗೆ ಎರಡೇ ಕಾಳು ಜಗಳ ಆಡಬಹುದು ಅಂತ ನಿಯಮ ಬರೆದೆ. ಕಾಫಿಬೀಜದ ಡಬ್ಬಿ ತೆರೆಯಿತು.

ಇಲ್ಲೇ ಇನ್ನೊಂದು ಎಡವಟ್ಟು ಮಾಡಬೇಡಿ, ನಾನು ಮಾಡಿದ್ದೆ. ಬೆಟ್ಟದ ಚೌಕಕ್ಕೆ ಭಾರದ ಯೂನಿಟ್ ಹೋಗುವಂತೆಯೇ ಇಲ್ಲ ಅಂತ ಬರೆದಿದ್ದೆ. ಚಿಕ್ಕಪ್ಪನ ಮಗ ಮಡಿಕೇರಿಯ ಸನ್ನಿ ಸೈಡ್ ನೋಡಿ ಬಂದಿದ್ದ, ಜನರಲ್ ತಿಮ್ಮಯ್ಯನವರ ಮನೆ, ಈಗ ಮ್ಯೂಸಿಯಂ. "ಹಾಗಾದರೆ ಜೊಜಿ ಲಾ ಏನು?" ಅಂತ ಕೇಳಿದ. ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ತಿಮ್ಮಯ್ಯನವರ ಪಡೆ ಸುಮಾರು 11,500 ಅಡಿ ಎತ್ತರದ ಆ ಕಣಿವೆಗೆ ಸ್ಟುವರ್ಟ್ ಟ್ಯಾಂಕ್‌ಗಳನ್ನು ಹತ್ತಿಸಿತು. ಅದಕ್ಕೂ ಮುಂಚೆ ಬರೀ ಕಾಲಾಳುಗಳು ನಡೆಸಿದ ದಾಳಿ ಫಲಿಸಿರಲಿಲ್ಲ. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆ ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ಆದರೆ ಅದು ಪುಕ್ಕಟೆ ಆಗಲಿಲ್ಲ: ಗುಟ್ಟು ಬಿಡಬಾರದು ಅಂತ ಟ್ಯಾಂಕಿನ ಮೇಲಿನ ಗೋಪುರ ಬಿಚ್ಚಿ ಸಾಗಿಸಿದರು, ಎಂಜಿನಿಯರ್ ತುಕಡಿ ದಾರಿ ಅಗಲ ಮಾಡಿತು. ನನ್ನ ನಿಯಮ ಇದ್ದಿದ್ದರೆ ಆ ಇಡೀ ಯೋಚನೆಯೇ ಆಟದಲ್ಲಿ ಹುಟ್ಟುತ್ತಿರಲಿಲ್ಲ. ಹಾಗಾಗಿ 'ಆಗದು' ಅಂತ ಬರೆಯುವ ಕಡೆಯಲ್ಲೆಲ್ಲ 'ಆಗುತ್ತದೆ, ಇಷ್ಟು ಸರದಿ, ಇಷ್ಟು ಆಳು, ಇಷ್ಟು ದುಡ್ಡು' ಅಂತ ಬರೆದು ನೋಡಿ. ಈಗ ನಮ್ಮ ಹಾಳೆಯಲ್ಲಿ ಫಿರಂಗಿ ಬೆಟ್ಟ ಹತ್ತುತ್ತದೆ. ನಾಲ್ಕು ಕಾಫಿಬೀಜ ಮೂರು ಸರದಿ ಬೇರೇನೂ ಮಾಡದೆ ಅದನ್ನು ತಳ್ಳಬೇಕು, ಅಷ್ಟೇ.

ದಾಳದ ಬಗ್ಗೆ ಸ್ವಲ್ಪ. 1991ರ ಸಿವಿಲೈಸೇಷನ್ ಅನ್ನುವ ಕಂಪ್ಯೂಟರ್ ಆಟದಲ್ಲಿ ಭರ್ಜಿ ಹಿಡಿದ ಹಳೇ ಕಾಲದ ಕಾಲಾಳು ಯುದ್ಧನೌಕೆಯನ್ನು ಸೋಲಿಸಿದ ಕತೆ ಆಡಿದವರೆಲ್ಲ ನಗುತ್ತಾ ಹೇಳುತ್ತಾರೆ. ನೌಕೆಯ ದಾಳಿ 18, ಕಾಲಾಳಿನ ರಕ್ಷಣೆ 2. ಗೆಲುವನ್ನು ಒಂದೇ ಏಟಿಗೆ ತೀರ್ಮಾನ ಮಾಡಿದರೆ ಕಾಲಾಳಿಗೆ 20ರಲ್ಲಿ 2, ಅಂದರೆ ನೂರಕ್ಕೆ ಹತ್ತು. ಹತ್ತು ಸಲ ಆಡಿದರೆ ಒಂದು ಸಲ ನೌಕೆ ಮುಳುಗಬೇಕು! 1996ರ ಎರಡನೇ ಆಟದಲ್ಲಿ ಜೀವದ ಅಂಕ ತಂದು ಜಗಳವನ್ನು ಹಲವು ಸುತ್ತಿಗೆ ಎಳೆದರು. ಅದರ ಪರಿಣಾಮ ಎಷ್ಟು ಅಂತ ಸಣ್ಣ ಲೆಕ್ಕದಲ್ಲೇ ಕಾಣುತ್ತದೆ. ಅದೇ ನೂರಕ್ಕೆ ಹತ್ತನ್ನು ಮೂರಕ್ಕೆ ಎರಡು ಗೆಲ್ಲಬೇಕು ಅಂತ ಮಾಡಿ, 2.8ಕ್ಕೆ ಇಳಿಯುತ್ತದೆ. ಐದಕ್ಕೆ ಮೂರು ಅಂತ ಮಾಡಿ, ಒಂದಕ್ಕಿಂತಲೂ ಕಡಿಮೆ. ಸುತ್ತು ಜಾಸ್ತಿಯಾದಷ್ಟೂ ಬಲವಿದ್ದವನು ಗೆಲ್ಲುತ್ತಾನೆ, ಸುತ್ತು ಕಡಿಮೆಯಾದಷ್ಟೂ ಅದೃಷ್ಟ. ಎಷ್ಟು ಬೇಕು ಅನ್ನುವುದು ನಿಮ್ಮ ಆಟದ ರುಚಿ. ನಾನು ಮೂರಕ್ಕೆ ಎರಡು ಇಟ್ಟಿದ್ದೇನೆ, ಜಾಸ್ತಿ ಸುತ್ತು ಇಟ್ಟರೆ ಸೀಮೆಎಣ್ಣೆ ದೀಪದಲ್ಲಿ ದಾಳ ಎಣಿಸಿಯೇ ಕಣ್ಣು ಹೋಗುತ್ತದೆ.

ಲೆಕ್ಕ ಅತಿಯಾದರೂ ಕಷ್ಟವೇ. ಹಳೇ ಜರ್ಮನ್ ರಾಜ್ಯ ಪ್ರಷ್ಯಾದ ಸೈನ್ಯ 1824ರಿಂದ ಅಧಿಕಾರಿಗಳನ್ನು ತಯಾರು ಮಾಡಲು ಕ್ರೀಗ್‌ಸ್ಪೀಲ್ ಅನ್ನುವ ನಕ್ಷೆಯಾಟ ಆಡಿಸುತ್ತಿತ್ತು, ದಾಳ ಇತ್ತು, ನಷ್ಟ ಲೆಕ್ಕ ಹಾಕುವ ಪಟ್ಟಿಗಳಿದ್ದವು, ಮಧ್ಯೆ ಒಬ್ಬ ಅಂಪೈರ್. ಅರ್ಧ ಶತಮಾನದ ನಂತರ ಅವರಲ್ಲೇ ಕೆಲವರು ಪಟ್ಟಿ ಬದಿಗಿಟ್ಟು ಅನುಭವಸ್ಥ ಅಂಪೈರ್ ಹೇಳಿದ್ದೇ ಸರಿ ಅನ್ನುವ ಕಡೆ ಹೊರಳಿದರು. ಮನೆಯಲ್ಲಿ ಅಂಥ ಅಂಪೈರ್ ಸಿಗುವುದಿಲ್ಲ. ಅಜ್ಜಿಯನ್ನು ಕೂರಿಸಿದೆವು, ಚಿಕ್ಕವನು ಸೋತರೆ ಪಾಪ ಅಂತ ಯಾವಾಗಲೂ ಅವನ ಕಡೆಗೇ ತೀರ್ಪು.

ಎರಡು ಕಡೆಗೂ ಒಂದೇ ತರದ ಸೈನ್ಯ ಕೊಟ್ಟರೆ ಮಾತ್ರ ನ್ಯಾಯ ಅಂತೇನಿಲ್ಲ. ಆಡು ಹುಲಿ ಆಟ ನೋಡಿ, 3 ಹುಲಿ, 15 ಆಡು. ಹುಲಿ ಹಾರಿ ತಿನ್ನುತ್ತದೆ, ಆಡು ತಿನ್ನಲಾರದು, ಸುತ್ತುಗಟ್ಟಿ ಹುಲಿಯನ್ನು ಕೂಡಿಹಾಕುತ್ತದೆ. ಒಂದಕ್ಕೊಂದು ಹೋಲಿಕೆಯೇ ಇಲ್ಲ, ಆದರೂ ತಲೆತಲಾಂತರದಿಂದ ಜಗುಲಿಯ ಕಲ್ಲಿನ ಮೇಲೆ ಗೀಟು ಎಳೆದು ಆಡುತ್ತಾರೆ. ಪರೀಕ್ಷೆ ಸುಲಭ: ಕಡೆ ಬದಲಿಸಿ ಆಡಿ. ಹತ್ತು ಆಟದಲ್ಲಿ ಯಾರು ಆಡಿದರೂ ಒಂದೇ ಕಡೆ ಗೆಲ್ಲುತ್ತಿದ್ದರೆ ತಪ್ಪು ಆಟದ್ದು, ಒಬ್ಬನೇ ಎರಡೂ ಕಡೆಯಿಂದ ಗೆಲ್ಲುತ್ತಿದ್ದರೆ ಅವನು ಚೆನ್ನಾಗಿ ಆಡುತ್ತಾನೆ, ಸುಮ್ನೆ ಒಪ್ಪಿಕೊಳ್ಳಿ.

ಇನ್ನು ಮಳೆ. ಮೊದಲು ಪ್ರತಿ ಸರದಿಗೂ ದಾಳ ಹಾಕಿ ಒಂದು ಬಿದ್ದರೆ ಮಳೆ, ಕೋವಿ ಬಂದ್ ಅಂತ ಮಾಡಿದ್ದೆ. ನೋಡಲು ನಿಜ, ಆಡಲು ಕಿರಿಕಿರಿ. ಚೆನ್ನಾಗಿ ಯೋಚನೆ ಮಾಡಿ ಕೋವಿಯವರನ್ನು ಜಾಗಕ್ಕೆ ತಂದ ಹೊತ್ತಿಗೇ ಒಂದು ಬಿದ್ದು ಎಲ್ಲ ಹಾಳು. ಆಮೇಲೆ ಹೊಳೆಯಿತು, ಕೊಡಗಿನಲ್ಲಿ ಮಳೆ ಯಾವಾಗ ಬರುತ್ತದೆ ಅನ್ನುವುದು ಗುಟ್ಟಾ? ಈಗ ಹಾಳೆಯ ಅಂಚಿನಲ್ಲಿ ತಿಂಗಳು ಬರೆದಿದ್ದೇನೆ, ಒಂದು ಸರದಿ ಅಂದರೆ ಒಂದು ವಾರ. ಮಾರ್ಚ್‌ನಿಂದ ಆಟ ಶುರು. ಜೂನ್ ಚೌಕಕ್ಕೆ ಬಂದ ಮೇಲೆ ಕೋವಿ ಎರಡು ಸರದಿಗೆ ಒಮ್ಮೆ ಮಾತ್ರ ಹೊಡೆಯುತ್ತದೆ. ಇಬ್ಬರಿಗೂ ಮೊದಲೇ ಕಾಣುತ್ತದೆ. ಮೆಣಸು ಕೊಂಡವನಿಗೆ ಮೇ ಮುಗಿಯುವುದರೊಳಗೆ ಕೆಲಸ ಮುಗಿಸುವ ಅವಸರ, ಕಾಫಿಬೀಜದವನಿಗೆ ಕಡಂಗದ ಹಿಂದೆ ದಿನ ತಳ್ಳುವ ಆಸೆ. ಹೋದ ಭಾನುವಾರ ಆರು ಆಟ ಆಡಿದೆವು, ಕಡೆ ಬದಲಿಸಿಕೊಂಡು. ಮೂರು ಮೂರು ಆಯಿತು.

ಹುಣಸೆಬೀಜವನ್ನು ಮಾತ್ರ ಇನ್ನೂ ಯಾರೂ ಕೊಳ್ಳುತ್ತಿಲ್ಲ. ಬೆಟ್ಟದಲ್ಲಿ ನಿಧಾನ, ಕಡಂಗದಲ್ಲಿ ದಂಡ, ಬೆಲೆ ಜಾಸ್ತಿ. ಹೊಡೆತ ಜಾಸ್ತಿ ಮಾಡೋಣ ಅಂತ ಅವನು. ಬೇಡ ಅಂದೆ. ಮುಂದಿನ ವಾರ ಕುದುರೆಗೆ ಸುದ್ದಿ ಒಯ್ಯುವ ಕೆಲಸ ಕೊಟ್ಟು ನೋಡುತ್ತೇವೆ: ಕುದುರೆ ಇಲ್ಲದವನು ದೂರದ ತುಕಡಿಗೆ ಕೊಟ್ಟ ಅಪ್ಪಣೆ ಒಂದು ಸರದಿ ತಡವಾಗಿ ತಲುಪುತ್ತದೆ.